ಮಂಡಿಗೆ ಹಚ್ಚಿದ ಎಣ್ಣೆ, ಮೂಗಿನಿಂದ ಇಳಿದ ರಕ್ತ: ಶಿರಸಿ ಸೀಮೆಯ ಒಂದು ಮನೆಯ ಪ್ರಕರಣ

ಡಾಕ್ಟರು ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರು. "ಅಮ್ಮಂಗೆ ಹೊಸದಾಗಿ ಏನಾದ್ರೂ ಔಷಧಿ ಕೊಟ್ರಾ?" ನಾಲ್ಕು ಸಲವೂ ನಾನು ಇಲ್ಲ ಅಂದೆ. ಜ್ವರದ ಮಾತ್ರೆ? ಇಲ್ಲ. ನೋವಿನ ಮಾತ್ರೆ? ಇಲ್ಲ. ಲೇಹ್ಯ, ನಾಟಿ ಮದ್ದು? ಅದೂ ಇಲ್ಲ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ದಿನಕ್ಕೆರಡು ಸಲ ನನ್ನ ಕೈಯಾರೆ ಅತ್ತೆಯ ಮಂಡಿಗೆ ತಿಕ್ಕುತ್ತಿದ್ದ ಎಣ್ಣೆಯೂ ಆ ಪಟ್ಟಿಗೆ ಸೇರುತ್ತೆ ಅಂತ ಹೊಳೆಯಲೇ ಇಲ್ಲ. ಎಣ್ಣೆ ಅಂದರೆ ಎಣ್ಣೆ. ಅದನ್ನು ಯಾರು ಮದ್ದು ಅಂತಾರೆ?

ಹೋದ ಮಳೆಗಾಲದಲ್ಲಿ ನಮ್ಮನೆಯಲ್ಲಿ ನಡೆದದ್ದು ಇದು. ಹೋಮ್‌ಸ್ಟೇ ನಡೆಸುವವರು, ಮಸಾಜು ಕಲಿತವರು, ಮನೆಯಲ್ಲಿ ವಯಸ್ಸಾದವರಿದ್ದು ಆನ್‌ಲೈನಿನಲ್ಲಿ ಸಣ್ಣ ಸಣ್ಣ ಎಣ್ಣೆ ಬಾಟಲಿ ತರಿಸುವವರು, ಎಲ್ಲರಿಗೂ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಮನೆ, ಮಂದಿ, ಬಾಟಲಿಗಳು

ನಮ್ಮದು ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ಅಂಚಿನ ಮನೆ. ಮೆತ್ತಿನ ಮೇಲಿನ ಎರಡು ಕೋಣೆಯನ್ನು ಹೋಮ್‌ಸ್ಟೇ ಮಾಡಿದ್ದೇವೆ. ಯಾಣ, ಸಹಸ್ರಲಿಂಗ ನೋಡಿಕೊಂಡು ಗೋಕರ್ಣಕ್ಕೆ ಇಳಿಯುವ ಬೆಂಗಳೂರಿನವರು ಒಂದೆರಡು ದಿನ ಉಳಿಯುತ್ತಾರೆ. ಅವರಿಗೆ ತಂಬುಳಿ, ತೊಡೆದೇವು ಎಷ್ಟು ಇಷ್ಟವೋ ಸಂಜೆ ಕೋಣೆಯಲ್ಲಿ ಒಳ್ಳೆ ವಾಸನೆ ಬಂದರೆ ಅಷ್ಟೇ ಇಷ್ಟ. ಹಾಗಾಗಿ ನಾನು ಅರೋಮಾಥೆರಪಿಯ, ಅಂದರೆ ಗಿಡಮೂಲದ ವಾಸನೆ ಎಣ್ಣೆಗಳನ್ನು ಮೂಸಿ, ಹಚ್ಚಿ ಮಾಡುವ ಉಪಚಾರದ, ಒಂದು ಸಣ್ಣ ಕೋರ್ಸು ಮಾಡಿದೆ. ಎಣ್ಣೆಯ ವಾಸನೆಯನ್ನು ಕೋಣೆಗೆ ಹರಡುವ ಡಿಫ್ಯೂಸರ್ ಒಂದು ಬಂತು. ಮಜ್ಜಿಗೆ ಹುಲ್ಲಿನ ಎಣ್ಣೆಯ ನಾಲ್ಕು ಹನಿ ಹಾಕಿಟ್ಟರೆ ಮಳೆಗಾಲದ ಮುಗ್ಗಲು ವಾಸನೆ ಹೋಗಿ ಕೋಣೆ ಹಸನಾಗುತ್ತಿತ್ತು. ಹಿತ್ತಲಲ್ಲೇ ಬೆಳೆಯುವ ಹುಲ್ಲಿನ ಎಣ್ಣೆಯನ್ನು ದುಡ್ಡು ಕೊಟ್ಟು ತರುತ್ತೀಯಲ್ಲ ಅಂತ ಮನೆಯವರ ತಮಾಷೆ ಬೇರೆ.

ಅತ್ತೆಗೆ 68. ಹನ್ನೊಂದು ವರ್ಷದ ಹಿಂದೆ ಹೃದಯದ ಮೈಟ್ರಲ್ ಕವಾಟ ಬದಲಿಸಿ ಲೋಹದ ಕವಾಟ ಹಾಕಿದ್ದಾರೆ. ಅಂಥವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ಮಾತ್ರೆ ಬೇಕು. ಇವರದು ಅಸಿನೊಕೌಮರಾಲ್. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದು. ತಿಂಗಳಿಗೊಮ್ಮೆ ಪೇಟೆಗೆ ಹೋಗಿ ಐಎನ್‌ಆರ್ ಅಂತ ರಕ್ತ ಪರೀಕ್ಷೆ ಮಾಡಿಸುತ್ತೇವೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ಹೇಳುವ ಲೆಕ್ಕ ಅದು. ಈ ಮಾತ್ರೆ ತಗೊಳ್ಳದ ಆರೋಗ್ಯವಂತರಿಗೆ ಅದು 1ರ ಆಸುಪಾಸು ಇರುತ್ತೆ. ಅತ್ತೆಯಂಥವರಿಗೆ 2.5ರಿಂದ 3.5ರ ಒಳಗೆ ನಿಲ್ಲಬೇಕು. ಕಡಿಮೆಯಾದರೆ ಕವಾಟದಲ್ಲಿ ರಕ್ತ ಗಟ್ಟಿಯಾಗುವ ಭಯ, ಜಾಸ್ತಿಯಾದರೆ ಎಲ್ಲೆಂದರಲ್ಲಿ ರಕ್ತಸ್ರಾವದ ಭಯ. ಅತ್ತೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ತಾರೀಖು, ಐಎನ್‌ಆರ್, ಮಾತ್ರೆ ಎಷ್ಟು, ಬಸಳೆ, ಹರಿವೆ ತಿಂದಿದ್ದು ಯಾವತ್ತು, ಎಲ್ಲ ಬರೆಯುತ್ತಾರೆ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಬಲ ತಗ್ಗಿಸುತ್ತೆ ಅಂತ ಮೊದಲ ದಿನವೇ ಹೇಳಿ ಕಳಿಸಿದ್ದರು. ಹನ್ನೊಂದು ವರ್ಷದ ಆ ಪುಸ್ತಕದಲ್ಲಿ ಗಾಬರಿಪಡುವಂಥ ಅಂಕಿ ಒಂದೂ ಇರಲಿಲ್ಲ.

ಮೇ ತಿಂಗಳಲ್ಲಿ ಊಟಿಗೆ ಹೋಗಿದ್ದೆವು. ಊಟಿಗೆ ಹೋದವರು ತರುವುದು ಎರಡೇ, ಚಾಕೊಲೇಟು ಮತ್ತು ಎಣ್ಣೆ. ನಾನೂ ಐದು ಬಾಟಲಿ ತಂದೆ. ನೀಲಗಿರಿ, ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲ, ನಿಂಬೆ, ವಿಂಟರ್‌ಗ್ರೀನ್. ಕೊನೆಯದನ್ನು ಅಂಗಡಿಯವನು ಅಂಗೈಗೆ ಒಂದು ಹನಿ ಹಾಕಿ ತೋರಿಸಿದ. "ಮಂಡಿನೋವಿಗೆ ಇದಕ್ಕಿಂತ ಒಳ್ಳೇದಿಲ್ಲ, ಪ್ಯೂರ್ ನ್ಯಾಚುರಲ್ ಮೇಡಂ." ಲೇಬಲ್ ಮೇಲೂ ಅಷ್ಟೇ ಇತ್ತು. ಯಾರು ಹಚ್ಚಬಾರದು, ಎಷ್ಟು ತೆಳು ಮಾಡಬೇಕು, ಒಂದು ಸಾಲೂ ಇಲ್ಲ. ಅದರಲ್ಲಿರುವುದು ಹೆಚ್ಚುಕಡಿಮೆ ಪೂರ್ತಿ ಮಿಥೈಲ್ ಸ್ಯಾಲಿಸಿಲೇಟ್ ಅನ್ನುವುದಂತೂ ಇಲ್ಲವೇ ಇಲ್ಲ.

ಹನ್ನೆರಡು ದಿನ

ಜುಲೈ. ಎಂಟು ದಿನ ಬಿಡದೆ ಮಳೆ. ಅತ್ತೆಯ ಮಂಡಿ ಪ್ರತಿ ಆಷಾಢದಲ್ಲೂ ಹಿಡಿದುಕೊಳ್ಳುತ್ತೆ, ಆ ಸಲ ಸ್ವಲ್ಪ ಜಾಸ್ತಿಯೇ. ನೋವಿನ ಮಾತ್ರೆ ನುಂಗುವ ಹಾಗಿಲ್ಲ, ರಕ್ತ ತೆಳುವಾಗುವ ಮಾತ್ರೆ ಜೊತೆ ಅವು ಕೂಡದು ಅಂತ ನಮಗೆ ಗೊತ್ತು. ನೋಡಿ, ಅಷ್ಟು ಗೊತ್ತಿತ್ತು! ಮಾತ್ರೆ ಬೇಡ ಅಂತಲೇ ಎಣ್ಣೆಗೆ ಕೈ ಹಾಕಿದ್ದು.

ಒಂದು ಸಣ್ಣ ಸ್ಟೀಲ್ ಬಟ್ಟಲು. ಅದಕ್ಕೆ ಅರ್ಧ ಚಮಚ ಕೊಬ್ಬರಿ ಎಣ್ಣೆ, ಅರ್ಧ ಚಮಚ ವಿಂಟರ್‌ಗ್ರೀನ್. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಎರಡೂ ಮಂಡಿಗೆ ಚೆನ್ನಾಗಿ ತಿಕ್ಕಿ, ಹಳೆ ಪಂಚೆಯ ತುಂಡು ಸುತ್ತಿ, ಅದರ ಮೇಲೆ ಬಿಸಿನೀರಿನ ಚೀಲ ಇಡುತ್ತಿದ್ದೆ. ಮೂರನೇ ದಿನಕ್ಕೆ ಅತ್ತೆ ಜಗುಲಿಯ ಮೆಟ್ಟಿಲು ತಾವೇ ಇಳಿದರು. "ಮಂಡಿ ಹಗುರಾಜು ಮಾರಾಯ್ತಿ" ಅಂದರು. ನನಗೆ ಹಿಗ್ಗೋ ಹಿಗ್ಗು.

ಒಂಬತ್ತನೇ ದಿನ ಹಲ್ಲುಜ್ಜುವಾಗ ವಸಡಿನಿಂದ ರಕ್ತ. "ಎಂತೂ ಆಜಿಲ್ಲೆ, ಬ್ರಷ್ ಹೊಸತು" ಅಂದುಬಿಟ್ಟರು. ಹತ್ತನೇ ದಿನ ಬಳೆ ಒತ್ತುವ ಜಾಗದಲ್ಲಿ ನೇರಳೆ ಹಣ್ಣಿನ ಬಣ್ಣದ ಕಲೆ, ಎರಡು ರೂಪಾಯಿ ನಾಣ್ಯದಷ್ಟು. ಬಚ್ಚಲಲ್ಲಿ ಎಲ್ಲೋ ತಾಗಿರಬೇಕು ಅಂದುಕೊಂಡೆವು. ಹನ್ನೆರಡನೇ ದಿನ ರಾತ್ರಿ ಒಂಬತ್ತೂವರೆಗೆ ಮೂಗಿನಿಂದ ರಕ್ತ ಶುರುವಾಯಿತು. ತಲೆ ಮುಂದೆ ಬಾಗಿಸಿ ಮೂಗು ಹಿಡಿದು ಕೂರಿಸಿದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಿಲ್ಲಲಿಲ್ಲ. ಒಂದು ಟವೆಲ್ ಪೂರ್ತಿ ಒದ್ದೆಯಾದ ಮೇಲೆ ಕಾರು ಹೊರಟಿತು. ದಾರಿಯಲ್ಲಿ ಮರ ಬಿದ್ದಿತ್ತು. ಆ ರಾತ್ರಿಯ ಪ್ರಯಾಣದ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ.

ಐಎನ್‌ಆರ್ 7.4 ಬಂತು.

ವಾಸನೆ ಹಿಡಿದವರು

ಡಾಕ್ಟರಿಗೂ ಇದು ಒಗಟಾಯಿತು. ಮಾತ್ರೆಯ ಡೋಸು ಬದಲಾಗಿಲ್ಲ. ಎರಡು ಸಲ ನುಂಗಿದರೇನೋ ಅಂತ ಮಾತ್ರೆ ಎಣಿಸಿದರೆ ಲೆಕ್ಕ ಸರಿ ಇದೆ. ಮಳೆಗಾಲದ ಸೊಪ್ಪು ಎಂದಿಗಿಂತ ಜಾಸ್ತಿಯೇ ತಿಂದಿದ್ದಾರೆ, ಹಾಗೆ ನೋಡಿದರೆ ಐಎನ್‌ಆರ್ ಇಳಿಯಬೇಕಿತ್ತು. ಜ್ವರ ಇಲ್ಲ, ಆಂಟಿಬಯಾಟಿಕ್ ಇಲ್ಲ. ಮೂಗಿಗೆ ಬತ್ತಿ ಹಾಕಿ, ಸಂಜೆಯ ಮಾತ್ರೆ ನಿಲ್ಲಿಸಿ, ವಿಟಮಿನ್ ಕೆಯನ್ನು ಅಳೆದು ಸ್ವಲ್ಪವೇ ಕೊಟ್ಟರು. ಜಾಸ್ತಿ ಕೊಟ್ಟರೆ ರಕ್ತ ಗಟ್ಟಿಯಾಗಿ ಕವಾಟಕ್ಕೇ ಕಂಟಕ. ಆ ಕಡೆ ಹೋದರೆ ಹೊಳೆ, ಈ ಕಡೆ ಬಂದರೆ ಹುಲಿ.

ಬೆಳಗಿನ ಜಾವ ಬಂದ ನರ್ಸಮ್ಮ ಹೊದಿಕೆ ಸರಿಸಿದವರೇ ನಿಂತರು. "ಇದೆಂಥ ವಾಸನೆ? ಅಮ್ಮಂಗೆ ಯಾವ ಬಾಮು ಹಚ್ಚಿದೀರಿ?" ನಾನು "ಬಾಮಲ್ಲ, ಅರೋಮಾ ಎಣ್ಣೆ, ನ್ಯಾಚುರಲ್ಲು" ಅಂದೆ. ಸ್ವಲ್ಪ ಜಂಬದಿಂದಲೇ ಅಂದಿರಬೇಕು. ಅವರು ಹೋಗಿ ಡಾಕ್ಟರನ್ನು ಕರೆತಂದರು. ಡಾಕ್ಟರು ಬಗ್ಗಿ ಮಂಡಿಯ ಹತ್ತಿರ ಮೂಸಿ ನೋಡಿದರು. ಬಾಟಲಿಯ ಫೋಟೊ ಮನೆಯಿಂದ ವಾಟ್ಸಾಪಿನಲ್ಲಿ ಬಂತು.

ಆಮೇಲೆ ಅವರು ಹೇಳಿದ್ದು ಇಷ್ಟು. ವಿಂಟರ್‌ಗ್ರೀನ್ ಎಣ್ಣೆ ಗಿಡದಿಂದ ತೆಗೆದದ್ದಾದರೂ ಕಾರ್ಖಾನೆಯಲ್ಲಿ ಮಾಡಿದ್ದಾದರೂ ಅದರ ಸಾರ ಮಿಥೈಲ್ ಸ್ಯಾಲಿಸಿಲೇಟ್. ಆಸ್ಪಿರಿನ್ನಿನ ದಾಯಾದಿ. ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ, ಇಳಿದು ರಕ್ತ ತೆಳುವಾಗುವ ಮಾತ್ರೆಯ ಬಲ ಹೆಚ್ಚಿಸುತ್ತದೆ. ನೋವಿನ ಬಾಮು, ಎಣ್ಣೆ ಹಚ್ಚಿ ಹೀಗೆ ಐಎನ್‌ಆರ್ ಏರಿದವರ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬೇರೆ ಬೇರೆ ದೇಶದವರು ಬರೆದಿದ್ದಾರೆ. ಬಿಸಿ ತಾಗಿಸಿದರೆ, ಬಟ್ಟೆ ಸುತ್ತಿದರೆ ಚರ್ಮ ಇನ್ನಷ್ಟು ಹೀರಿಕೊಳ್ಳುತ್ತೆ. ಅಂದರೆ ನಾನು ಕಾಳಜಿಯಿಂದ ಮಾಡಿದ ಒಂದೊಂದು ಕೆಲಸವೂ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿತ್ತು.

ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಒಂದು ಮಿಲಿ ವಿಂಟರ್‌ಗ್ರೀನ್ ಎಣ್ಣೆಯಲ್ಲಿ ಸುಮಾರು 1.4 ಗ್ರಾಂ ಆಸ್ಪಿರಿನ್ನಿಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತೆ. ಅರ್ಧ ಚಮಚ ಅಂದರೆ ಎರಡೂವರೆ ಮಿಲಿ, ದಿನಕ್ಕೆರಡು ಸಲ ಅಂದರೆ 5 ಮಿಲಿ. ಅಲ್ಲಿಗೆ 7 ಗ್ರಾಂ. ಹೃದಯದವರಿಗೆ ಬರೆದುಕೊಡುವ ಪುಟ್ಟ ಆಸ್ಪಿರಿನ್ ಮಾತ್ರೆ 75 ಮಿಲಿಗ್ರಾಂ. ಹಚ್ಚಿದ್ದೆಲ್ಲ ಒಳಗೆ ಹೋಗುವುದಿಲ್ಲ, ನಿಜ. ಹತ್ತರಲ್ಲಿ ಒಂದೇ ಪಾಲು ಹೋಯಿತು ಅಂತಿಟ್ಟುಕೊಂಡರೂ ದಿನಕ್ಕೆ ಅಂಥ ಒಂಬತ್ತು ಮಾತ್ರೆ. ಹನ್ನೆರಡು ದಿನ.

ಒಂದು ಪರ್ಸೆಂಟ್

ಕೋರ್ಸಿನಲ್ಲಿ ನನಗೆ ಇದನ್ನು ಹೇಳಿಕೊಟ್ಟಿರಲಿಲ್ಲವಾ? ತೆಳು ಮಾಡುವುದನ್ನು ಹೇಳಿಕೊಟ್ಟಿದ್ದರು. 20 ಹನಿ ಅಂದರೆ ಸುಮಾರು ಒಂದು ಮಿಲಿ. 30 ಮಿಲಿ ಕೊಬ್ಬರಿ ಎಣ್ಣೆಗೋ ಎಳ್ಳೆಣ್ಣೆಗೋ 12 ಹನಿ ಹಾಕಿದರೆ ಎರಡು ಪರ್ಸೆಂಟ್. ಗಟ್ಟಿಮುಟ್ಟಾದ ದೊಡ್ಡವರ ಮೈಗೆ ಅಷ್ಟು ಸಾಕು. ಮುಖಕ್ಕೆ, ವಯಸ್ಸಾದವರಿಗೆ ಅದರರ್ಧ. ಅತಿಥಿಗಳಿಗೆ ನಾನು ಹನಿ ಎಣಿಸಿಯೇ ಹಾಕುತ್ತಿದ್ದೆ. ಮನೆಯವರಿಗೆ ಮಾತ್ರ ಚಮಚ. ಮನೆಮದ್ದು ಅಂದ ಕೂಡಲೇ ನಮ್ಮ ಕೈ ಅಳತೆ ಮರೆಯುತ್ತೆ.

ಮನೆಯವರು ಅದೇ ವಾರ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ತಯಾರಿಯಲ್ಲಿದ್ದರು. ಬೋರ್ಡೋ ಮಿಶ್ರಣ ಒಂದು ಪರ್ಸೆಂಟ್: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಮಿಶ್ರಣ ಸರಿಯಾಯಿತಾ ಅಂತ ತಿಕ್ಕಿ ಬೆಳಗಿದ ಕತ್ತಿಯ ತುದಿ ಅದ್ದಿ ನೋಡುತ್ತಾರೆ, ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಅಡಿಕೆ ಕೊನೆಗೆ ಇಷ್ಟು ಜತನ. ಅವರು ಕತ್ತಿ ಒರೆಸುತ್ತ, "ಮರಕ್ಕೆ ಒಂದು ಪರ್ಸೆಂಟು. ಆಯಿ ಮಂಡಿಗೆ ಎಷ್ಟು ಹಾಕಿದ್ಯೆ?" ಅಂತ ಕೇಳಿದರು. ಐವತ್ತು. ಬೈದಿದ್ದರೆ ಒಳ್ಳೆಯದಿತ್ತು.

ಆದರೂ ಒಂದು ಮಾತು ಹೇಳಲೇಬೇಕು. ಅತ್ತೆಯ ಮಟ್ಟಿಗೆ ಒಂದು ಪರ್ಸೆಂಟೂ ಸರಿಯಲ್ಲ. ತೆಳು ಮಾಡಿದರೆ ಎಲ್ಲ ಎಣ್ಣೆಯೂ ಎಲ್ಲರಿಗೂ ಆಗುತ್ತೆ ಅನ್ನುವುದು ಆ ಕೋರ್ಸಿನ ದೊಡ್ಡ ಕೊರತೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ, ಆಸ್ಪಿರಿನ್ ಅಲರ್ಜಿ ಇರುವವರಿಗೆ, ಬಸುರಿಯರಿಗೆ, ಮಕ್ಕಳಿಗೆ ವಿಂಟರ್‌ಗ್ರೀನ್ ಮುಟ್ಟಿಸಲೇಬಾರದು. ಅಂಗಡಿಯ ಎಷ್ಟೋ ನೋವಿನ ಬಾಮು, ಸ್ಪ್ರೇಗಳಲ್ಲೂ ಇದೇ ಮಿಥೈಲ್ ಸ್ಯಾಲಿಸಿಲೇಟ್ ಇದೆ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತೆ. ಕನ್ನಡಕ ಹಾಕಿಕೊಂಡು ಓದಿ.

ಕಪಾಟು ಖಾಲಿ ಮಾಡಿದ್ದು

ಅತ್ತೆ ಆರನೇ ದಿನ ಮನೆಗೆ ಬಂದರು. ಅವತ್ತೇ ಕಪಾಟಿನ ಬಾಟಲಿಗಳನ್ನೆಲ್ಲ ಜಗುಲಿಗೆ ತಂದು ಸಾಲಾಗಿ ಇಟ್ಟೆ. ಚೌತಿಗೆ ತಂಗಿ ಬರುವವಳಿದ್ದಳು, ಅವಳ ಮಗುವಿಗೆ ಎರಡು ವರ್ಷ. ಸಿಕ್ಕಿದ್ದೆಲ್ಲ ಬಾಯಿಗೆ. ವಿಂಟರ್‌ಗ್ರೀನ್ ಬಾಟಲಿ ಎತ್ತಿದಾಗ ಕೈ ನಡುಗಿತು. ಒಂದು ಚಮಚ ಹೊಟ್ಟೆಗೆ ಹೋದರೆ ಅಷ್ಟು ಸಣ್ಣ ಮಗುವಿನ ಪ್ರಾಣಕ್ಕೇ ಅಪಾಯ, ಅಷ್ಟಿದ್ದೂ ಅದರ ವಾಸನೆ ಚೂಯಿಂಗ್ ಗಮ್ಮಿನ ಹಾಗೆ ಸಿಹಿ. ಮುಚ್ಚಳ ಸಾದಾ ತಿರುಪು. ಇಷ್ಟು ದಿನ ಅದು ಇದ್ದದ್ದು ಅತ್ತೆಯ ಮಂಚದ ಪಕ್ಕದ ಸ್ಟೂಲಿನ ಮೇಲೆ.

ನೀಲಗಿರಿ ಎಣ್ಣೆಯ ಬಗ್ಗೆ ತಂಗಿಯ ಜೊತೆ ಫೋನಿನಲ್ಲಿ ಸ್ವಲ್ಪ ಜಗಳವೇ ಆಯಿತು. ನೆಗಡಿಯಾದಾಗ ಅವಳು ಮಗುವಿನ ದಿಂಬಿಗೆ ನಾಲ್ಕು ಹನಿ ಹಾಕುತ್ತಾಳೆ, ಮೂಗಿನ ಕೆಳಗೆ ಬೆರಳಲ್ಲಿ ಸವರುತ್ತಾಳೆ. ನಮ್ಮಮ್ಮನೂ ಹಾಗೇ ಮಾಡುತ್ತಿದ್ದರು. ಆದರೆ ಮಕ್ಕಳ ಮುಖದ ಹತ್ತಿರ ನೀಲಗಿರಿ, ಪುದೀನ, ಕರ್ಪೂರದ ಘಾಟು ತಂದರೆ ಉಸಿರಾಟಕ್ಕೇ ತೊಂದರೆ ಆಗಬಹುದು. ನೀಲಗಿರಿ ಎಣ್ಣೆಯಾಗಲಿ ಕರ್ಪೂರವಾಗಲಿ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಇವೆರಡನ್ನೂ ಹಚ್ಚಿ, ಮೂಸಿ ಫಿಟ್ಸ್ ಬಂದ ದೊಡ್ಡವರ ಬಗ್ಗೆಯೂ ಬೆಂಗಳೂರಿನ ನರರೋಗ ತಜ್ಞರು ಬರೆದಿದ್ದಾರೆ. "ಹಂಗಾರೆ ನಾವೆಲ್ಲ ಬದುಕಿದ್ದು ಹೆಂಗೆ?" ಅಂತ ತಂಗಿ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದ ಅಪ್ಪಯ್ಯನೂ ಬದುಕಿದ್ದಾರೆ ಅಂತ ಮಾತ್ರ ಅಂದೆ. ನಕ್ಕಳು, ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ.

ಯಾರಾದರೂ ಇಂಥ ಎಣ್ಣೆ ಕುಡಿದರೆ ವಾಂತಿ ಮಾಡಿಸಲು ಹೋಗಬಾರದು, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತೆ. 108ಕ್ಕೆ ಫೋನ್ ಮಾಡಿ, ಬಾಟಲಿ ಸಮೇತ ಆಸ್ಪತ್ರೆಗೆ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರಕ್ಕೆ 1800 116 117ಗೆ ಪುಕ್ಕಟೆ ಫೋನ್ ಮಾಡಿ ಕೇಳಬಹುದು. ಎರಡೂ ನಂಬರನ್ನು ಈಗ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ನಿಂಬೆ ಎಣ್ಣೆಯಲ್ಲಿ ನನ್ನದೇ ಇನ್ನೊಂದು ತಪ್ಪು ಸಿಕ್ಕಿತು. ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆ ಮೈಗೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತೆ. ನಿಂಬೆ ಜಾತಿಯದೇ ಆದ ಬರ್ಗಮಟ್ ಹಣ್ಣಿನ ಎಣ್ಣೆಯಂತೂ ಇನ್ನೂ ಜೋರು. ಹಚ್ಚಿದ ಮೇಲೆ 12 ತಾಸಾದರೂ ಬಿಸಿಲು ಬೇಡ. ನಾನು ಬೆಳಿಗ್ಗೆ ಅತಿಥಿಗಳ ತೋಳಿಗೆ ಅದನ್ನೇ ತಿಕ್ಕಿ ಗೋಕರ್ಣದ ಬೀಚಿಗೆ ಕಳಿಸುತ್ತಿದ್ದೆ! ದೇವರ ದಯೆ, ಯಾರೂ ಫೋನ್ ಮಾಡಿ ಬೈದಿಲ್ಲ. ಮಜ್ಜಿಗೆ ಹುಲ್ಲಿನ ಹಳೆ ಬಾಟಲಿ ಅರ್ಧ ಖಾಲಿಯಾಗಿ ಬಿಸಿಲ ಕಿಟಕಿಯಲ್ಲಿ ಇತ್ತು. ಗಾಳಿ ಬೆಳಕು ತಾಗಿದ ಎಣ್ಣೆ ಕೆಡುತ್ತೆ, ಕೆಟ್ಟ ಎಣ್ಣೆ ಹಚ್ಚಿದರೆ ತುರಿಕೆ ಬರುವುದು ಜಾಸ್ತಿ. ಅದು ಹೋಯಿತು. ಹೊಸದಕ್ಕೆ ತೆಗೆದ ತಾರೀಖು ಬರೆದು ಅಂಟಿಸಿದೆ. ಸಿಟ್ರೊನೆಲ್ಲ ಸೊಳ್ಳೆಗೆ, ಹೊರಗೆ ಜಗುಲಿಯಲ್ಲಿ ಮಾತ್ರ.

ಬೆಕ್ಕಿನ ವಿಷಯ ಗೊತ್ತಾದದ್ದು ಇದನ್ನೆಲ್ಲ ಓದುವಾಗ. ಬೆಕ್ಕಿನ ಯಕೃತ್ತಿಗೆ ಈ ಎಣ್ಣೆಗಳನ್ನು ಅರಗಿಸುವ ಶಕ್ತಿ ಕಡಿಮೆ. ನಮ್ಮ ಬೆಕ್ಕು ಡಿಫ್ಯೂಸರ್ ಹಚ್ಚಿದ ಕೂಡಲೇ ಎದ್ದು ಅಡಿಗೆಮನೆಗೆ ಹೋಗುತ್ತಿತ್ತು. ನಾವು ಅದನ್ನು ಸೊಕ್ಕು ಅಂತಿದ್ದೆವು.

ಈಗ

ಡಿಫ್ಯೂಸರ್ ಇದೆ, ಬಿಟ್ಟಿಲ್ಲ. ಸಂಜೆ ಅರ್ಧ ತಾಸು, ಕಿಟಕಿ ತೆರೆದು, ಮೂರು ಹನಿ. ಒಳ್ಳೆ ವಾಸನೆಗೆ ಮನಸ್ಸು ಹಗುರಾಗುತ್ತೆ ಅನ್ನುವುದನ್ನು ನಾನು ಇವತ್ತೂ ನಂಬುತ್ತೇನೆ. ಕಾಯಿಲೆ ವಾಸಿಯಾಗುತ್ತೆ ಅನ್ನುವುದನ್ನು ನಂಬುವುದಿಲ್ಲ. ಅರೋಮಾಥೆರಪಿ ಅನ್ನುವ ಹೆಸರಿಟ್ಟ ಫ್ರಾನ್ಸಿನ ಗಟ್ಟೆಫೊಸ್ಸೆ ರಸಾಯನ ತಜ್ಞ, ಸುಗಂಧದ ವ್ಯಾಪಾರದ ಮನೆಯವನು. ಆ ಪದಕ್ಕೆ ಥೆರಪಿ ಅಂತ ಬಾಲ ಇದೆ ಅಂತ ಹಚ್ಚುವವರೆಲ್ಲ ವೈದ್ಯರಾಗಿಬಿಡುವುದಿಲ್ಲ, ಅಲ್ವಾ?

ಮಸಾಜಿಗೆ ಮುಂಚೆ ಅತಿಥಿಗಳಿಗೆ ಒಂದು ಹಾಳೆ ಕೊಡುತ್ತೇನೆ. ಬಸುರಿಯೇ, ಫಿಟ್ಸ್ ಇದೆಯೇ, ಅಸ್ತಮಾ ಇದೆಯೇ, ರಕ್ತ ತೆಳುವಾಗುವ ಮಾತ್ರೆ ಇದೆಯೇ. ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ತೆಳು ಮಾಡಿದ ಎಣ್ಣೆ ಹಚ್ಚಿ ನೋಡುತ್ತೇನೆ. ಒಂದು ದಿನಕ್ಕೆ ಬಂದು ಹೋಗುವವರಿಗೆ ಬರೀ ಕೊಬ್ಬರಿ ಎಣ್ಣೆ. ಒಬ್ಬರು ಮುಖ ಸಿಂಡರಿಸಿದರು, ಇರಲಿ.

ಅತ್ತೆಯ ಮಂಡಿಗೆ ಈಗ ಬಿಸಿ ಮಾಡಿದ ಕೊಬ್ಬರಿ ಎಣ್ಣೆ, ಫಿಸಿಯೋಥೆರಪಿಯವರು ಹೇಳಿಕೊಟ್ಟ ಕುರ್ಚಿ ಮೇಲೆ ಕೂತು ಮಾಡುವ ವ್ಯಾಯಾಮ. ನೋವು ಪೂರ್ತಿ ಹೋಗಿಲ್ಲ. ಮೋಡ ಕಟ್ಟಿದ ದಿನ, "ಅಷ್ಟು ಚೊಲೋ ಎಣ್ಣೆ, ಎಲ್ಲಿ ಅಡಗ್ಸಿಟ್ಟಿದ್ಯೆ?" ಅಂತ ಕೇಳುತ್ತಾರೆ. ತೋಟದ ಔಷಧಿಯ ಕಪಾಟಿನಲ್ಲಿ, ಮೈಲುತುತ್ತದ ಪಕ್ಕ, ಬೀಗದ ಒಳಗೆ ಇದೆ. ಮನೆಯವರು ಇಟ್ಟಿದ್ದು.

ನೋಟ್‌ಬುಕ್ಕಿನಲ್ಲಿ ಅತ್ತೆ ಸ್ಕೇಲ್ ಇಟ್ಟು ಒಂದು ಗೆರೆ ಹೊಸದಾಗಿ ಎಳೆದಿದ್ದಾರೆ. ಮೇಲೆ "ಹಚ್ಚಿದ್ದು" ಅಂತ ಬರೆದಿದ್ದಾರೆ. ಹೋದ ತಿಂಗಳದ್ದು ಹೀಗಿದೆ: ಐಎನ್‌ಆರ್ 2.9. ಮಾತ್ರೆ ಮೊದಲಿನಷ್ಟೇ. ಬಸಳೆ ಎರಡು ಸಲ. ಹಚ್ಚಿದ್ದು: ಕೊಬ್ಬರಿ ಎಣ್ಣೆ, ಹಿಮ್ಮಡಿಗೆ ಮುರುಗಲ ತುಪ್ಪ.